ಕುತ್ತಿಗೆಯಲ್ಲಿ ಮಿಡಿಯುವ ಗಂಟು

ದವಡೆಯ ಮೂಲೆಯ ಕೆಳಗೆ ಗಂಟೊಂದು ಕಂಡರೆ ಮನೆಯ ಹಿರಿಯರು ಹೇಳುವುದು ಒಂದೇ: ‘ಗಳಲೆ ಇರಬೇಕು, ಶಾಖ ಕೊಡು, ಕರಗುತ್ತೆ.’ ಅಲ್ಲಿ ಮೂಡುವ ಗಂಟುಗಳಲ್ಲಿ ಬಹುಪಾಲು ದುಗ್ಧಗ್ರಂಥಿಗಳೇ, ನಿಜ. ಆದರೆ ಬೆರಳಿಟ್ಟಾಗ ನಾಡಿಯ ಜೊತೆಗೇ ಮಿಡಿಯುವ ಗಂಟು ಬೇರೆ. ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿಯ ಗೋಡೆ ಬಲ ಕಳೆದುಕೊಂಡು ಉಬ್ಬಿರಬಹುದು. ಇದೇ ಅನ್ಯೂರಿಸಂ. ಬಲು ಅಪರೂಪದ ತೊಂದರೆ. ಅಪರೂಪವಾದ್ದರಿಂದಲೇ ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ. ಇಂಥ ಗಂಟನ್ನು ದಯವಿಟ್ಟು ತಿಕ್ಕಬೇಡಿ, ಕೀವೆಂದುಕೊಂಡು ಚುಚ್ಚಿಸಬೇಡಿ.

ಹಾಗೆಂದು ಮಿಡಿಯುವುದೆಲ್ಲ ಅನ್ಯೂರಿಸಂ ಅಲ್ಲ. ರಕ್ತದೊತ್ತಡವಿರುವ ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಸೊಟ್ಟಗೆ ಬಾಗಿದ ರಕ್ತನಾಳವೂ ಹೀಗೇ ಮಿಡಿಯುತ್ತದೆ. ಕೈಯಿಂದ ಮುಟ್ಟಿ ತೀರ್ಮಾನಿಸಲು ಆಗದು. ಮೊದಲು ಡಾಪ್ಲರ್ ಸ್ಕ್ಯಾನ್ ಬೇಕು. ಉಬ್ಬು ತಲೆಬುರುಡೆಯ ಬುಡದವರೆಗೂ ಹೋಗಿದ್ದರೆ ದವಡೆಯ ಮೂಳೆ ಅಡ್ಡ ಬರುತ್ತದೆ. ಆಗ ಸಿಟಿ ಆಂಜಿಯೋಗ್ರಾಮ್ ಮಾಡಿಸಬೇಕು.

‘ಯಾವಾಗ ಒಡೆಯುತ್ತದೋ’ ಎಂಬ ಭಯ ಎಲ್ಲರಿಗೂ. ಹೊಟ್ಟೆಯ ಮಹಾಪಧಮನಿಯ ಉಬ್ಬಿನ ವಿಷಯದಲ್ಲಿ ಆ ಭಯ ಸರಿಯೇ; ಕುತ್ತಿಗೆಯ ಉಬ್ಬು ಒಡೆಯುವುದು ಕಡಿಮೆ. ನಿಜವಾದ ಅಪಾಯ ಲಕ್ವದ್ದು. ಉಬ್ಬಿದ ಜಾಗದಲ್ಲಿ ರಕ್ತ ಸುತ್ತಿ ಸುಳಿದು ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನ ಚೂರು ಮಿದುಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಡಿದ ಲೋಟ ಜಾರುವುದು, ಮಾತು ತೊದಲುವುದು, ಒಂದು ಕಣ್ಣಿಗೆ ಪರದೆ ಎಳೆದಂತಾಗುವುದು ಇದರ ಗುರುತು. ಹತ್ತೇ ನಿಮಿಷದಲ್ಲಿ ಎಲ್ಲ ಸರಿಹೋದರೆ ‘ಸುಸ್ತಾಗಿತ್ತು ಅಷ್ಟೇ’ ಎಂದು ಸುಮ್ಮನಾಗುತ್ತಾರೆ. ನನ್ನನ್ನು ಕಾಡುವುದು ಇದೇ. ಆಸ್ಪತ್ರೆಗೆ ಓಡಬೇಕಾದ ಹೊತ್ತು ಅದು. ಉಬ್ಬು ಪಕ್ಕದ ನರಗಳನ್ನು ಒತ್ತಿದಾಗ ದನಿ ಒಡೆಯುವುದು, ನುಂಗಲು ಕಷ್ಟವಾಗುವುದು, ಒಂದು ರೆಪ್ಪೆ ಜೋತುಬೀಳುವುದೂ ಉಂಟು.

ಮುದುಕರ ಕಾಯಿಲೆ ಎಂಬ ಮಾತೂ ಪೂರ್ತಿ ಸರಿಯಲ್ಲ. ಅಪಘಾತ, ಸೋಂಕು, ಹುಟ್ಟಿನಿಂದ ಬಂದ ನಾಳದ ದೌರ್ಬಲ್ಯ, ಕುತ್ತಿಗೆಯ ಹಳೆಯ ಶಸ್ತ್ರಕ್ರಿಯೆ, ಯಾವುದರಿಂದಲೂ ಬರಬಹುದು. ಕಟಿಂಗ್ ಷಾಪಿನಲ್ಲಿ ಲಟಕ್ಕನೆ ಕುತ್ತಿಗೆಯ ನೆಟಿಗೆ ತೆಗೆಸುವುದು ಬೇಡವೇ ಬೇಡ. ನಾಳದ ಒಳಪದರ ಹರಿದರೆ ಅಲ್ಲೇ ಉಬ್ಬು ಬೆಳೆಯಬಹುದು.

‘ಆ ನಾಳ ಕಟ್ಟಿಬಿಟ್ಟರೆ ಮುಗೀತಲ್ಲ, ಇನ್ನೊಂದು ಕಡೆಯದು ಇದೆಯಲ್ಲ’ ಎಂದು ಕೇಳುವವರಿದ್ದಾರೆ. ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1805ರಲ್ಲಿ ಮಾಡಿದ್ದು ಅದನ್ನೇ. ರೋಗಿ ಉಳಿಯಲಿಲ್ಲ. 1808ರಲ್ಲಿ ಇನ್ನೊಬ್ಬರಿಗೆ ಕಟ್ಟಿದರು. ಆತ ವರ್ಷಗಟ್ಟಲೆ ಬದುಕಿದ. ಆದರೆ ಮಿದುಳಿನ ಬುಡದಲ್ಲಿ ಎಡಬಲದ ನಾಳಗಳನ್ನು ಕೂಡಿಸುವ ಬಳಸುದಾರಿ ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ. ಅದು ಸಾಲದಿದ್ದವರಿಗೆ ಲಕ್ವ ಹೊಡೆಯುತ್ತಿತ್ತು. ಹಾಗಾಗಿ ಈಗ ಕಟ್ಟುವುದು ಕೊನೆಯ ದಾರಿ, ಅದೂ ಬಲೂನಿನಿಂದ ಸ್ವಲ್ಪ ಹೊತ್ತು ನಾಳ ಮುಚ್ಚಿ ಪರೀಕ್ಷಿಸಿದ ಮೇಲೆ. ಸಾಮಾನ್ಯವಾಗಿ ಉಬ್ಬಿದ ಭಾಗ ತೆಗೆದು, ಕಾಲಿನ ಸಿರೆಯ ತುಂಡನ್ನು ಜೋಡಿಸುತ್ತಾರೆ. ಕತ್ತಿ ತಲುಪದಷ್ಟು ಮೇಲಿದ್ದರೆ ಹೊದಿಕೆಯುಳ್ಳ ಸ್ಟೆಂಟ್ ಕೂರಿಸುತ್ತಾರೆ. ಸೋಂಕಿನಿಂದಾದ ಉಬ್ಬಿಗೆ ಸ್ಟೆಂಟ್ ಒಗ್ಗುವುದು ಕಷ್ಟ.

ಚಿಕ್ಕದಿದ್ದು, ಬೆಳೆಯದೆ, ತೊಂದರೆ ಕೊಡದಿದ್ದರೆ ಶಸ್ತ್ರಕ್ರಿಯೆಯೇ ಬೇಡವಾಗಬಹುದು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ, ಬಿಪಿ ಹತೋಟಿ, ವೈದ್ಯರು ಹೇಳಿದ ದಿನಕ್ಕೆ ಸ್ಕ್ಯಾನ್ ಸಾಕು. ಆ ಮಾತ್ರೆಯನ್ನು ಮಾತ್ರ ‘ಆರಾಮಾಗಿದ್ದೀನಿ’ ಎಂದು ನೀವಾಗಿಯೇ ನಿಲ್ಲಿಸಬೇಡಿ.