ಎಂದೂ ಹುಟ್ಟದವರ ಜೀವನಚರಿತ್ರೆ

ಷರ್ಲಾಕ್ ಹೋಮ್ಸನಿಗೆ ವಿಶ್ವಕೋಶದಲ್ಲಿ ಸ್ವತಂತ್ರ ಲೇಖನವೊಂದು ಸಲ್ಲತಕ್ಕದ್ದೆಂಬುದರಲ್ಲಿ ಯಾರಿಗೂ ಸಂಶಯವಿರಲಾರದು. ಆತನ ಮನೆಯೊಡತಿ ಹಡ್ಸನ್ನಮ್ಮನವರಿಗೂ ಅದು ಸಲ್ಲಬೇಕೇ ಎಂಬಲ್ಲಿ ವಿವಾದ ಮೊದಲಾಗುತ್ತದೆ. ಅಚ್ಚಿನ ಕೋಶಗಳ ಕಾಲದಲ್ಲಿ ಈ ನಿರ್ಣಯವನ್ನು ವಿವೇಚನೆಗಿಂತ ಹೆಚ್ಚಾಗಿ ಕಾಗದವೇ ಮಾಡಿಬಿಡುತ್ತಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಂತೆ ಸಕಲ ವಿದ್ಯೆಗಳನ್ನೂ 14 ಸಂಪುಟಗಳಲ್ಲಿ ಅಡಕಗೊಳಿಸಬೇಕಾದ ಸಂಪಾದಕರಿಗೆ, ಎಂದೂ ಹುಟ್ಟದವರ ಜೀವನಚರಿತ್ರೆಗೆ ಪುಟಗಳನ್ನು ವ್ಯಯಿಸುವ ಔದಾರ್ಯ ಎಲ್ಲಿಂದ ಬಂದೀತು?

2001ರ ಜನವರಿ 15ರಂದು ಆರಂಭವಾದ ವಿಕಿಪೀಡಿಯದಲ್ಲಿ ಆ ನಿರ್ಬಂಧ ಕಳಚಿತು. ಜಪಾನಿನಲ್ಲಿ 1996ರಲ್ಲಿ ವಿಡಿಯೋ ಆಟವಾಗಿ ಹುಟ್ಟಿ, ಅನಂತರ ದೂರದರ್ಶನಕ್ಕೂ ಚಲನಚಿತ್ರಕ್ಕೂ ವ್ಯಾಪಿಸಿದ ಪೋಕೆಮಾನ್ ಎಂಬ ವಿಚಿತ್ರ ಜೀವಿಗಳು ಮೊದಲು 151 ಇದ್ದವು. 2006ರ ಹೊತ್ತಿಗೆ 493 ಆದವು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೊಂದಕ್ಕೂ ಒಂದೊಂದು ಪುಟವಾಯಿತು. ಪಿಕಾಚುವಿಗೆ ದೊರೆತ ಮರ್ಯಾದೆ ಸ್ಟಂಕಿ ಎಂಬ ದುರ್ಗಂಧಪ್ರಾಣಿಗೂ ದೊರೆಯಿತು. ಮಕ್ಕಳಾಟದ ಪ್ರಾಣಿಗೆ ಪುಟವಿರುವಾಗ ನಮ್ಮ ಸಂಗೀತಮಂಡಳಿಗೇಕಿಲ್ಲ ಎಂದು ಪ್ರತಿಯೊಬ್ಬನೂ ವಾದಿಸತೊಡಗಿ, ಆ ವಾದಕ್ಕೆ ‘ಪೋಕೆಮಾನ್ ಪರೀಕ್ಷೆ’ ಎಂಬ ಹೆಸರೂ ಬಿದ್ದಿತು. ಪೋಲೆಂಡಿನ ಸಾಲಿಡಾರಿಟಿ ಚಳವಳಿಯ ನಾಯಕರಲ್ಲಿ ಚರಿತ್ರೆ ಬರೆಸಿಕೊಂಡವರು ಹನ್ನೆರಡು ಮಂದಿಯನ್ನು ಮೀರದಿರುವಾಗ ಈ ಜೀವಿಗಳಲ್ಲಿ ಸುಮಾರು 500ಕ್ಕೆ ಆ ಭಾಗ್ಯ ಒದಗಿದೆಯೆಂದು 2008ರಲ್ಲಿ ‘ದಿ ಎಕಾನಮಿಸ್ಟ್’ ಪತ್ರಿಕೆ ಎತ್ತಿ ತೋರಿಸಿತು.

ಅಷ್ಟರಲ್ಲಿ ಬೇರೊಂದು ಮಾನದಂಡ ಬಲಗೊಂಡಿತ್ತು: ವಸ್ತುವಿನೊಡನೆ ಹಿತಸಂಬಂಧವಿಲ್ಲದವರು ವಿಶ್ವಾಸಾರ್ಹ ಪ್ರಕಟಣೆಗಳಲ್ಲಿ ಅದನ್ನು ಕುರಿತು ಸಾಕಷ್ಟು ವಿಸ್ತಾರವಾಗಿ ಬರೆದಿರಬೇಕು. ಆಟವನ್ನು ತಯಾರಿಸಿದ ಸಂಸ್ಥೆಯ ಕೈಪಿಡಿಯಾಗಲಿ ಅಭಿಮಾನಿಗಳ ಪ್ರಶಂಸೆಯಾಗಲಿ ಇಲ್ಲಿ ಸಾಕ್ಷ್ಯವಲ್ಲ. ಈ ಒರೆಗಲ್ಲಿಗೆ ಹಚ್ಚಿದಾಗ ಬಹುಪಾಲು ಜೀವಿಗಳು ಉಳಿಯಲಿಲ್ಲ. 2007ರಿಂದಾಚೆಗೆ ಅವು ಇಪ್ಪತ್ತಿಪ್ಪತ್ತರ ಪಟ್ಟಿಗಳಲ್ಲಿ ವಿಲೀನವಾದವು.

ಉಳಿದವುಗಳಲ್ಲಿ ಜಿಂಕ್ಸ್ ಎಂಬುದೊಂದು. ಕಥೆಯೊಳಗೆ ಅದರ ಪಾತ್ರ ಅಲ್ಪವೇ. ಆದರೆ ಅದರ ಕಪ್ಪು ಮುಖವೂ ದಪ್ಪ ತುಟಿಗಳೂ, ಬಿಳಿಯ ನಟರು ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದ ಹಳೆಯ ಅಮೆರಿಕನ್ ರಂಗವಿಡಂಬನೆಯನ್ನು ನೆನಪಿಸುತ್ತವೆಂದು ಲೇಖಕಿ ಕ್ಯಾರೊಲ್ ಬೋಸ್ಟನ್ ವೆದರ್‌ಫರ್ಡ್ 2000ದಲ್ಲಿ ಆಕ್ಷೇಪಿಸಿದರು. ಕಾಲಾನಂತರ ಆ ಮುಖದ ಬಣ್ಣ ನೇರಳೆಗೆ ತಿರುಗಿತು. ಕಥೆಯೊಳಗೆ ಮಾಡಿದ ಸಾಹಸಕ್ಕಲ್ಲ, ಕಥೆಯಾಚೆಗೆ ಎಬ್ಬಿಸಿದ ಚರ್ಚೆಗೆ ಆ ಪುಟ ದಕ್ಕಿತು. ನನಗಂತೂ ಇದು ನ್ಯಾಯವೆಂದೇ ತೋರುತ್ತದೆ: ಕಥೆಯನ್ನೇ ಪುನಃ ಹೇಳುವ ಲೇಖನ ಎಷ್ಟೇ ದೀರ್ಘವಾಗಿರಲಿ, ಮೂಲವನ್ನು ಓದಿದವನಿಗೆ ಅದರಿಂದ ಲಾಭವೇನು?

ಕಾಲ್ಪನಿಕ ವಸ್ತುಗಳಿಗೆಂದೇ ವಿಶೇಷ ನಿಯಮವೊಂದನ್ನು ರಚಿಸುವ ಪ್ರಯತ್ನಗಳು ಹಲವು ನಡೆದು, ಒಮ್ಮತ ಸಿದ್ಧಿಸದೆ ಬಿದ್ದುಹೋದವು. ವಿಲೀನವಾದ ಪುಟವಾದರೂ ನಾಶವಾಗುವುದಿಲ್ಲ. ಹಳೆಯ ಶೀರ್ಷಿಕೆ ಓದುಗನನ್ನು ಪಟ್ಟಿಗೆ ಕರೆದೊಯ್ಯುತ್ತದೆ, ಹಳೆಯ ಪಠ್ಯ ಪುಟದ ಇತಿಹಾಸದಲ್ಲಿ ಉಳಿದಿರುತ್ತದೆ, ಮುಂದೆಂದಾದರೂ ಸಮರ್ಥ ವಿಮರ್ಶೆ ದೊರೆತರೆ ಲೇಖನ ಮರಳಿ ಏಳಬಹುದು.

ನಿಯಮಕ್ಕಿಂತ ಅದರ ನಿರ್ವಹಣೆ ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ. ಕುವೆಂಪು ಅವರ ನಾಯಿಗುತ್ತಿಗೂ ಕಾರಂತರ ಚೋಮನಿಗೂ ಪ್ರತ್ಯೇಕ ಪುಟಕ್ಕೆ ಬೇಕಾಗುವಷ್ಟು ವಿಮರ್ಶೆ ಕನ್ನಡದಲ್ಲಿ ನಿಸ್ಸಂದೇಹವಾಗಿ ಇದೆ. ಇಂಗ್ಲಿಷೇತರ ಗ್ರಂಥಗಳನ್ನೂ ಅಂತರ್ಜಾಲದಲ್ಲಿಲ್ಲದ ಗ್ರಂಥಗಳನ್ನೂ ನಿಯಮ ಒಪ್ಪುತ್ತದೆ. ಆದರೆ ಅಳಿಸುವ ಪ್ರಸ್ತಾಪ ಬಂದ ಪುಟದ ಮೇಲಿನ ಚರ್ಚೆಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಾಮಾನ್ಯವಾಗಿ ದೊರೆಯುವ ಅವಧಿ 7 ದಿನ; ಅಷ್ಟರಲ್ಲಿ ಯಾರಾದರೂ ಗ್ರಂಥಾಲಯಕ್ಕೆ ಹೋಗಿ, ಹಳೆಯ ವಿಮರ್ಶಾಸಂಕಲನಗಳನ್ನು ತೆರೆದು, ಪುಟಸಂಖ್ಯೆಸಹಿತ ಆಧಾರವನ್ನು ಮುಂದಿಡಬೇಕಾಗುತ್ತದೆ.