ಕಿರುಗನ್ನಡಿಯೂ ಬಾರ್ಲೋ ಮಸೂರವೂ

ಗಾಜಿನ ಬಿಲ್ಲೆಯನ್ನು ಕೈಯಿಂದಲೇ ಉಜ್ಜಿ ದರ್ಪಣವಾಗಿಸಿ, ಅದರಲ್ಲಿ ಶನಿಯ ಬಳೆಗಳನ್ನು ಕಾಣುವುದು ಸಾಮಾನ್ಯರಿಗೂ ಸಾಧ್ಯ. ಅಮೆರಿಕದ ವರ್ಮಾಂಟ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಕಾರ್ಖಾನೆಗಳ ಊರಿನಲ್ಲಿ ರಸೆಲ್ ಪೋರ್ಟರ್ 1920ರಲ್ಲಿಯೇ ಈ ವಿದ್ಯೆಯನ್ನು ಕಲಿಸಲು ತೊಡಗಿದರು. ಇಂಥ ಹವ್ಯಾಸಿಗಳೆದುರು ನಿಲ್ಲುವ ಪ್ರಶ್ನೆಯೊಂದನ್ನು, ಬಾಳೆಲ್ಲ ಕನ್ನಡ ಪಾಠ ಹೇಳಿದ ನಾನು, ಗ್ರಹಿಸಿದ ಮಟ್ಟಿಗೆ ನಿವೇದಿಸುತ್ತೇನೆ.

ನ್ಯೂಟನ್ 1668ರಲ್ಲಿ ರಚಿಸಿದ ದೂರದರ್ಶಕದ ಕ್ರಮ ಸರಳವಾದುದು. ಕೊಳವೆಯ ತಳದಲ್ಲಿರುವ ನಿಮ್ನದರ್ಪಣ ಬೆಳಕನ್ನು ಕೂಡಿಸುತ್ತ ಮೇಲಕ್ಕೆ ಕಳಿಸುತ್ತದೆ. ಓರೆಯಾಗಿ ನಿಂತ ಚಪ್ಪಟೆ ಕಿರುಗನ್ನಡಿ ಅದನ್ನು ಪಕ್ಕದ ಕಣ್ಣುಮಸೂರದತ್ತ ತಿರುಗಿಸುತ್ತದೆ. ಉಪಕಾರಿಯಾದ ಈ ಕಿರುಗನ್ನಡಿ ಅಪಕಾರಿಯೂ ಹೌದು. ಬರುವ ಬೆಳಕಿಗೆ ಅದೇ ಅಡ್ಡ. ನಷ್ಟವಾಗುವ ಬೆಳಕು ಅಲ್ಪ. ಆದರೆ ಅಡ್ಡ ದೊಡ್ಡದಾದಷ್ಟೂ ಬಿಂಬದ ನಡುವಿನ ಬೆಳಕು ಸುತ್ತಲಿನ ಉಂಗುರಗಳಿಗೆ ಚೆದುರಿ, ಗುರುವಿನ ಪಟ್ಟೆಗಳಂಥ ನವುರಾದ ವಿವರಗಳು ಮಸುಕಾಗುತ್ತವೆ.

ಇಲ್ಲಿ ನೆರವಾಗುವುದು ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೋ (1776–1862) ಅವರ ಹೆಸರಿನ ನಿಮ್ನಮಸೂರ. ನಾಭಿಗೆ ತುಸು ಮೊದಲೇ ಇಟ್ಟರೆ ಅದು ಕಿರಣಗಳು ಕೂಡುವ ವೇಗವನ್ನು ತಗ್ಗಿಸಿ, ಬಿಂಬವನ್ನು ಹೊರಕ್ಕೆ ತಳ್ಳಿ ಹಿಗ್ಗಿಸುತ್ತದೆ. ಹೀಗಾಗಿ ದರ್ಪಣದ ಮೂಲನಾಭಿಯನ್ನು ಕಿರುಗನ್ನಡಿಗೆ ಹತ್ತಿರ ತಂದರೂ ಕಣ್ಣಿಗೆ ಎಟುಕುವ ಕಡೆಯೇ ಬಿಂಬ ನಿಲ್ಲುತ್ತದೆ.

ಲೆಕ್ಕವನ್ನೇ ನೋಡೋಣ. ದರ್ಪಣದ ವ್ಯಾಸ 150 ಮಿಲಿಮೀಟರ್, ನಾಭಿದೂರ 1200. ಕಿರುಗನ್ನಡಿಯಿಂದ ನಾಭಿಗೆ 150 ಮಿ.ಮೀ. ಅಂತರವಿದ್ದು, 15 ಮಿ.ಮೀ. ಅಗಲದ ನೋಟ ಪೂರ್ತಿ ಬೆಳಗಬೇಕಾದರೆ ಸುಮಾರು 32 ಮಿ.ಮೀ. ಅಗಲದ ಕಿರುಗನ್ನಡಿ ಬೇಕು. ದರ್ಪಣವನ್ನು 40 ಮಿ.ಮೀ. ಹಿಂದಕ್ಕೆ ಸರಿಸಿದರೆ ಆ ಅಂತರ 110ಕ್ಕೆ ಇಳಿಯುತ್ತದೆ. ಬಿಂಬವನ್ನು ಇಮ್ಮಡಿಸುವ ಬಾರ್ಲೋ ಇದ್ದಾಗ ಮೂಲನಾಭಿಯಲ್ಲಿ 7.5 ಮಿ.ಮೀ. ಬೆಳಗಿದರೆ ಸಾಕು. ಆಗ 21 ಮಿ.ಮೀ. ಕಿರುಗನ್ನಡಿಯೇ ಧಾರಾಳ. ಅಡ್ಡ ದರ್ಪಣವ್ಯಾಸದ ನೂರಕ್ಕೆ 21ರಿಂದ 14ಕ್ಕೆ ಇಳಿಯಿತು.

ಆದರೆ ಇದಕ್ಕೆ ಬೆಲೆ ತೆರಲೇಬೇಕು. ಬಾರ್ಲೋ ತೆಗೆದರೆ ನಾಭಿ ಕೊಳವೆಗೆ ತೀರ ಸಮೀಪ ಬಿದ್ದು, ಬರಿಯ ಕಣ್ಣುಮಸೂರ ಅಲ್ಲಿಗೆ ಎಟುಕದೆ ಹೋಗಬಹುದು. ನೋಟದ ಹರಹು ಕಿರಿದಾಗಿ ಕೃತ್ತಿಕೆಯಂಥ ವಿಶಾಲ ತಾರಾಗುಚ್ಛ ಒಟ್ಟಿಗೆ ಕಾಣದು. ಮಸೂರವೂ ಎರಡು ಬಗೆಯ ಗಾಜು ಕೂಡಿದ, ಬಣ್ಣದ ಅಂಚು ಮೂಡಿಸದ ಜಾತಿಯದಾಗಿರಬೇಕು. ಕೊಳವೆಯೊಳಕ್ಕೆ ಚಾಚಿ ಬೆಳಕಿಗೆ ಅಡ್ಡಬರಬಾರದು.

ಆದುದರಿಂದ ಚಂದ್ರ, ಗ್ರಹಗಳಿಗೇ ಮೀಸಲಾದ ಉಪಕರಣಕ್ಕೆ ಈ ಏರ್ಪಾಡು ಒಪ್ಪುತ್ತದೆ. ಇಡಿಯ ಆಕಾಶವನ್ನು ಅಲೆಯಬಯಸುವವರು ದೊಡ್ಡ ಕಿರುಗನ್ನಡಿಯನ್ನೇ ಉಳಿಸಿಕೊಳ್ಳುವುದು ಲೇಸು. ಕನ್ನಡಿ ಕೊಳ್ಳುವ ಮುನ್ನವೇ ಏನನ್ನು ನೋಡಬೇಕೆಂದು ನಿಶ್ಚಯಿಸಿಕೊಳ್ಳಬೇಕು.