ದೊಡ್ಡ ವಾಹನಕ್ಕೆ ಮನೆಯಂಗಳದಲ್ಲಿ ಎಷ್ಟು ಸ್ಥಳ ಬೇಕು?

ಮಲಗಲು ಹಾಸಿಗೆ, ಅಡಿಗೆಗೆ ಒಲೆ, ಕುಡಿಯಲು ನೀರು, ಇಷ್ಟನ್ನೂ ತನ್ನೊಳಗೆ ಇಟ್ಟುಕೊಂಡು ಊರಿಂದೂರಿಗೆ ಸಾಗುವ ವಾಹನಕ್ಕೆ ಕ್ಯಾರವಾನ್ ಎಂದು ಹೆಸರು. ಅದನ್ನು ನಾವು ಸಂಚಾರಿ ಮನೆ ಎನ್ನಬಹುದು. ಪಾಶ್ಚಾತ್ಯ ದೇಶಗಳಲ್ಲಿ ಇಂಥ ವಾಹನವನ್ನು ಸ್ವಂತಕ್ಕೆ ಇಟ್ಟುಕೊಂಡವರು ಅನೇಕರಿದ್ದಾರೆ. ಪ್ರವಾಸ ಮುಗಿದ ಮೇಲೆ ಈ ಸಂಚಾರಿ ಮನೆಯನ್ನು ಸ್ಥಿರವಾದ ಮನೆಯೊಳಗೆ ಸೇರಿಸುವುದು ಹೇಗೆ ಎಂಬುದೇ ಅವರಿಗೆ ಎದುರಾಗುವ ತೊಡಕು. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಸಂಚಾರಿ ಮನೆ ಅಪರೂಪ. ಆದರೆ ಲಾರಿ, ಟೆಂಪೊ, ಟ್ರ್ಯಾಕ್ಟರುಗಳನ್ನು ಮನೆಯಂಗಳದಲ್ಲಿ ನಿಲ್ಲಿಸಬೇಕಾದವರಿಗೂ ಇದೇ ತೊಡಕು ಉಂಟು. ಅದರ ಹಿಂದಿರುವ ಗಣಿತವನ್ನು ಈಗ ವಿಚಾರ ಮಾಡೋಣ.

ಸುರಪುರವು ನಾಯಕ ಅರಸರ ರಾಜಧಾನಿಯಾಗಿದ್ದ ಗುಡ್ಡದ ಊರು. ಅಲ್ಲಿನ ಹಳೆಯ ಓಣಿಗಳು ಹುಟ್ಟಿದಾಗ ಮೋಟಾರು ವಾಹನಗಳು ಇರಲಿಲ್ಲ, ಎತ್ತಿನ ಬಂಡಿಗಳಿದ್ದುವು. ಎರಡು ಗಾಲಿಯ ಬಂಡಿಗೆ ಇರುವುದು ಒಂದೇ ಅಚ್ಚು. ಎತ್ತುಗಳನ್ನು ಪಕ್ಕಕ್ಕೆ ಹೊರಳಿಸಿದರೆ ಒಂದು ಗಾಲಿ ನಿಂತಲ್ಲೇ ನಿಂತು, ಮತ್ತೊಂದು ಅದರ ಸುತ್ತ ಉರುಳುತ್ತದೆ. ಆದುದರಿಂದ ಬಂಡಿಯನ್ನು ಇಕ್ಕಟ್ಟಾದ ಸ್ಥಳದಲ್ಲಿಯೂ ತಿರುಗಿಸಬಹುದು. ಮೋಟಾರು ವಾಹನಕ್ಕೆ ಈ ಅನುಕೂಲವಿಲ್ಲ. ಅದಕ್ಕೆ ಎರಡು ಅಚ್ಚುಗಳಿವೆ. ಸಾಮಾನ್ಯವಾಗಿ ಮುಂದಿನ ಗಾಲಿಗಳು ಮಾತ್ರ ಓರೆಯಾಗುತ್ತವೆ, ಹಿಂದಿನವು ನೇರವಾಗಿಯೇ ಇರುತ್ತವೆ.

ತಿರುವಿನಲ್ಲಿ ಎಲ್ಲ ಗಾಲಿಗಳೂ ಜಾರದೆ ಉರುಳಬೇಕಾದರೆ ಅವೆಲ್ಲವೂ ಒಂದೇ ಕೇಂದ್ರದ ಸುತ್ತ ಬೇರೆ ಬೇರೆ ವೃತ್ತಗಳಲ್ಲಿ ಚಲಿಸಬೇಕು. ಹೀಗಾಗಲು, ಮುಂದಿನ ಎರಡು ಗಾಲಿಗಳಲ್ಲಿ ಒಳಬದಿಯದು ಹೊರಬದಿಯದಕ್ಕಿಂತ ಹೆಚ್ಚು ಓರೆಯಾಗಬೇಕು. ಇದನ್ನು ಸಾಧಿಸುವ ಏರ್ಪಾಡಿಗೆ ರುಡಾಲ್ಫ್ ಆಕರ್‌ಮನ್ ಎಂಬವನು 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದನು. ಆಗ ಅದು ಕುದುರೆಗಾಡಿಗಳಿಗಾಗಿ ಇದ್ದಿತು. ಮೋಟಾರು ಯುಗದಲ್ಲಿ ಅದೇ ತತ್ತ್ವ ಕಾರು, ಲಾರಿಗಳಿಗೆ ಬಂದಿತು.

ಈಗ 8 ಮೀಟರು ಉದ್ದ, 2.4 ಮೀಟರು ಅಗಲದ ಒಂದು ವಾಹನವನ್ನು ಕಲ್ಪಿಸಿಕೊಳ್ಳೋಣ. ಅದರ ಎರಡು ಅಚ್ಚುಗಳ ನಡುವಣ ದೂರ 4.5 ಮೀಟರು. ಮುಂದಿನ ಅಚ್ಚಿನಾಚೆ 1 ಮೀಟರು, ಹಿಂದಿನ ಅಚ್ಚಿನಾಚೆ 2.5 ಮೀಟರು ಒಡಲು ಚಾಚಿಕೊಂಡಿದೆ. ಮುಂದಿನ ಅಚ್ಚಿನ ಮಧ್ಯಬಿಂದು 7.5 ಮೀಟರು ತ್ರಿಜ್ಯದ ವೃತ್ತದಲ್ಲಿ ಸಾಗುತ್ತಿರಲಿ. ವೃತ್ತದ ಕೇಂದ್ರ, ಹಿಂದಿನ ಅಚ್ಚಿನ ಮಧ್ಯಬಿಂದು, ಮುಂದಿನ ಅಚ್ಚಿನ ಮಧ್ಯಬಿಂದು, ಈ ಮೂರನ್ನು ಸೇರಿಸಿದರೆ ಲಂಬಕೋನ ತ್ರಿಭುಜವಾಗುತ್ತದೆ. ಕರ್ಣ 7.5, ಒಂದು ಭುಜ 4.5, ಪೈಥಾಗೊರಸನ ಪ್ರಮೇಯದಂತೆ ಇನ್ನೊಂದು ಭುಜ 6 ಮೀಟರು. ಎಂದರೆ ಹಿಂದಿನ ಅಚ್ಚು ಮುಂದಿನ ಅಚ್ಚಿನ ಜಾಡಿಗಿಂತ 1.5 ಮೀಟರು ಒಳಗೆ ಸಾಗುತ್ತದೆ. ಮುಂದಿನ ಗಾಲಿ ಸುರಕ್ಷಿತವಾಗಿ ದಾಟಿದ ಗೇಟಿನ ಕಂಬಕ್ಕೆ ಹಿಂದಿನ ಗಾಲಿ ತಾಗುವುದು ಇದರಿಂದಲೇ.

ಇದೇ ಪ್ರಮೇಯವನ್ನು ವಾಹನದ ಮೂಲೆಗಳಿಗೂ ಅನ್ವಯಿಸಬಹುದು. ಮುಂಭಾಗದ ಹೊರಮೂಲೆ ಕೇಂದ್ರದಿಂದ ಸುಮಾರು 9.06 ಮೀಟರು ದೂರದಲ್ಲಿ ಸುತ್ತುತ್ತದೆ, ಒಳಬದಿ 4.8 ಮೀಟರುಗಳಷ್ಟು ಹತ್ತಿರಕ್ಕೆ ಬರುತ್ತದೆ. ನಿಂತಾಗ 2.4 ಮೀಟರು ಅಗಲವಿರುವ ವಾಹನ ತಿರುಗುವಾಗ ಸುಮಾರು 4.26 ಮೀಟರು ಅಗಲದ ನೆಲವನ್ನು ಬಳಸಿಕೊಳ್ಳುತ್ತದೆ! ಅಷ್ಟೇ ಅಲ್ಲ, ಹಿಂಭಾಗದ ಹೊರಮೂಲೆ ತಿರುವಿನ ವಿರುದ್ಧ ದಿಕ್ಕಿಗೆ ಸುಮಾರು 42 ಸೆಂಟಿಮೀಟರು ಹೊರಚಿಮ್ಮುತ್ತದೆ. ವಾಹನ ಬಲಕ್ಕೆ ತಿರುಗುತ್ತಿರುವಾಗ ಎಡಬದಿಯ ಗೋಡೆಗೆ ಏಕೆ ಉಜ್ಜಿತೆಂಬ ಪ್ರಶ್ನೆಗೆ ಇಲ್ಲಿದೆ ಉತ್ತರ.

ಹಾಗಾದರೆ ದೊಡ್ಡ ವಾಹನವನ್ನು ಒಳಗೆ ತರುವುದು ಹೇಗೆ? ರಸ್ತೆ ಅಗಲವಾಗಿದ್ದು ಅಂಗಳ ಕಿರಿದಾಗಿದ್ದರೆ ಹಿಮ್ಮುಖವಾಗಿ ತರುವುದೇ ಲೇಸು. ಆಗ ಓರೆಯಾಗದ ಹಿಂದಿನ ಗಾಲಿಗಳು ಮೊದಲು ಗೇಟನ್ನು ಪ್ರವೇಶಿಸುತ್ತವೆ. ಬಹಳ ಸ್ಥಳ ಬೇಡುವ ಮುಂಭಾಗ ಇನ್ನೂ ರಸ್ತೆಯಲ್ಲೇ ಇದ್ದು ಅಲ್ಲಿಯೇ ಸುತ್ತುತ್ತದೆ.

ಟ್ರೇಲರು ಜೋಡಿಸಿದ ಟ್ರ್ಯಾಕ್ಟರಿನ ವಿಷಯ ಬೇರೆ. ಮುಂದಕ್ಕೆ ಎಳೆಯುವಾಗ ಟ್ರೇಲರು ತಾನಾಗಿಯೇ ನೇರವಾಗುತ್ತದೆ. ಹಿಂದಕ್ಕೆ ನೂಕುವಾಗ ಇದಕ್ಕೆ ವ್ಯತಿರಿಕ್ತ: ಎರಡರ ನಡುವೆ ಉಂಟಾದ ಅಲ್ಪ ಓರೆಯೂ ಕ್ಷಣಕ್ಷಣಕ್ಕೆ ಬೆಳೆಯುತ್ತದೆ. ಎರಡು ಗಾಲಿಯ ಟ್ರೇಲರಿನ ಹಿಂಭಾಗ ಎಡಕ್ಕೆ ಹೊರಳಬೇಕಾದರೆ ಚಾಲಕನು ಮೊದಲು ಸ್ಟೀರಿಂಗನ್ನು ಬಲಕ್ಕೆ ತಿರುಗಿಸಬೇಕು. ಅನಂತರ ಎಡಕ್ಕೆ ತಿರುಗಿಸಿ ಅದನ್ನು ಹಿಂಬಾಲಿಸಬೇಕು.

ಸ್ಥಳ ಸಾಕಾದರೆ ಸಾಲದು. ನೆಲವೂ ಭಾರವನ್ನು ತಾಳಬೇಕು. ಹಿಂದಿನ ಅಚ್ಚಿನ ಮೇಲೆ 4 ಟನ್ ಭಾರವಿದ್ದರೆ ಒಂದೊಂದು ಬದಿಗೆ 2 ಟನ್ ಬೀಳುತ್ತದೆ. ಟಯರಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಈ 2 ಟನ್ ಭಾರವನ್ನು ಹೊರುವ ನೆಲ ಸುಮಾರು 400 ಚದರ ಸೆಂಟಿಮೀಟರು ಮಾತ್ರ. ಈ ಸೀಮೆಯ ಬಹುಭಾಗ ಎರೆಮಣ್ಣಿನದು. ಎರೆಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಹಾಸಿದ ಶಹಾಬಾದಿ ಕಲ್ಲಿನ ಕೆಳಗೆ ಪೊಳ್ಳು ಉಂಟಾದರೆ ಗಾಲಿ ಬಿದ್ದೊಡನೆ ಕಲ್ಲು ಒಡೆಯುತ್ತದೆ. ಮೇಲಿನ ಎರೆಮಣ್ಣನ್ನು ತೆಗೆದು, ಗರಸು ತುಂಬಿ, ಬಿಗಿಯಾಗಿ ಧಮ್ಮಸ್ಸು ಮಾಡಿ, ಅನಂತರ ಕಾಂಕ್ರೀಟು ಹಾಕುವುದು ಯುಕ್ತ. ಗೇಟಿನ ಇಳಿಜಾರನ್ನೂ ಮರೆಯಬಾರದು. ನಮ್ಮ ವಾಹನದ ಹಿಂತುದಿ ನೆಲದಿಂದ 25 ಸೆಂಟಿಮೀಟರು ಎತ್ತರದಲ್ಲಿದ್ದರೆ, ಹತ್ತಕ್ಕೆ ಒಂದಕ್ಕಿಂತ ಕಡಿದಾದ ಏರಿನಲ್ಲಿ ಅದು ನೆಲಕ್ಕೆ ತಗಲುತ್ತದೆ.

ಕಂಬ ಮುರಿದರೆ ಮತ್ತೆ ನಿಲ್ಲಿಸಬಹುದು, ಕಲ್ಲು ಒಡೆದರೆ ಬೇರೆ ಹಾಕಬಹುದು. ವಾಹನದ ಹಿಂದೆ ಆಡುತ್ತಿರುವ ಮಗು ಮಾತ್ರ ಯಾವ ಕನ್ನಡಿಯಲ್ಲಿಯೂ ಕಾಣಿಸದೆ ಹೋಗಬಹುದು. ಇದನ್ನು ಮನಗಂಡು, ಭಾರತದಲ್ಲಿ ತಯಾರಾಗುವ ಹೊಸ ಕಾರುಗಳಲ್ಲಿ ಹಿಂದಿನ ಅಡ್ಡಿಯನ್ನು ಗುರುತಿಸಿ ಎಚ್ಚರಿಸುವ ಸಾಧನವನ್ನು 2019ರ ಜುಲೈ 1ರಿಂದ ಕಡ್ಡಾಯಗೊಳಿಸಲಾಯಿತು. ಹಳೆಯ ಲಾರಿ, ಟ್ರ್ಯಾಕ್ಟರುಗಳಲ್ಲಿ ಇಂಥ ಸಾಧನ ಇಲ್ಲದಿರುವುದೇ ಹೆಚ್ಚು. ಆದುದರಿಂದ ಮಕ್ಕಳನ್ನು ಮನೆಯೊಳಗೆ ಕಳುಹಿಸಿ, ದಾರಿ ತೋರಿಸಲು ಒಬ್ಬರನ್ನು ನಿಲ್ಲಿಸಿದ ಮೇಲೆಯೇ ವಾಹನವನ್ನು ಹಿಂದಕ್ಕೆ ತರಬೇಕು. ಹಾಗೆ ನಿಂತವನು ಗಾಲಿಯ ಜಾಡಿನಿಂದ ದೂರ, ಚಾಲಕನ ಕನ್ನಡಿಯಲ್ಲಿ ಕಾಣುವಂತೆ ಇರಬೇಕು. ಅವನು ಕಣ್ಮರೆಯಾದ ಕ್ಷಣವೇ ವಾಹನ ನಿಲ್ಲಬೇಕು.

ನಮ್ಮ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಪರೀಕ್ಷಿಸಬಹುದು. ವಾಹನದ ಹತ್ತನೆಯ ಒಂದಂಶದ ಅಳತೆಯಲ್ಲಿ 80 ಸೆಂಟಿಮೀಟರು ಉದ್ದ, 24 ಸೆಂಟಿಮೀಟರು ಅಗಲದ ರಟ್ಟನ್ನು ಕತ್ತರಿಸಿ, ಹಿಂದಿನ ಅಚ್ಚಿನ ಸ್ಥಾನದಲ್ಲಿ ಗೆರೆ ಎಳೆಯಿರಿ. ಆ ಗೆರೆ ಸದಾ ವೃತ್ತದ ಕೇಂದ್ರದ ಕಡೆಗೇ ಮುಖಮಾಡಿರುವಂತೆ, ಅದರ ಮಧ್ಯಬಿಂದು ಕೇಂದ್ರದಿಂದ 60 ಸೆಂಟಿಮೀಟರು ದೂರದಲ್ಲಿರುವಂತೆ ರಟ್ಟನ್ನು ನೆಲದ ಮೇಲೆ ಸರಿಸುತ್ತ, ಮೂಲೆಗಳ ಜಾಡನ್ನು ಸೀಮೆಸುಣ್ಣದಿಂದ ಗುರುತಿಸಿರಿ. ಗೇಟಿನ ಕಂಬಗಳನ್ನು ಎಲ್ಲಿ ನೆಡಬೇಕೆಂಬುದನ್ನು, ಗಾರೆ ಕಲಸುವ ಮೊದಲೇ, ಆ ಗೆರೆಗಳಿಂದ ತಿಳಿಯಬಹುದು.